ಕುಸುಬಿ ಎಣ್ಣೆ ಕುಡಿದ ಬಾಜಾ

ಬಾಜಾದ ಮೋಟಾರಿನ ಬುಶ್ಶಿಗೆ, ಅಂದರೆ ಅದರ ಕಂಬಿ ತಿರುಗುವ ಬಳೆಗೆ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಮುಟ್ಟಿಸಿದ್ದೇ ತಡ, ಆ ವಾಸನೆ ಎದ್ದಿತು. ಮಿರಜಿನ ನನ್ನ ಎರಡು ಖೋಲಿಯ ಮನೆ, ಕೆಳಗೆ ಬೀದಿಯಲ್ಲಿ ರಿಕ್ಷಾಗಳ ಗದ್ದಲ, ಸ್ಟೇಶನ್ನಿನ ಕಡೆಯಿಂದ ಬರುವ ಗಾಡಿಯ ಕೂಗು, ಎಲ್ಲವೂ ಅಷ್ಟು ಹೊತ್ತು ಹಿಂದೆ ಸರಿದು ನಿಂತವು. ಒಣಗಿ ಗಟ್ಟಿಯಾದ ಕುಸುಬಿ ಎಣ್ಣೆಯ ವಾಸನೆ ಅದು. ಹೊಸ ಎಣ್ಣೆಗೆ ಹೇಳಿಕೊಳ್ಳುವಂಥ ವಾಸನೆಯೇನೂ ಇರುವುದಿಲ್ಲ. ಆದರೆ ವರ್ಷಗಟ್ಟಲೆ ಗಾಳಿ ಕುಡಿದ ಕುಸುಬಿ ಎಣ್ಣೆಯಲ್ಲಿ ಹಳೆಯ ತಲೆಬಾಗಿಲು ಇರುತ್ತದೆ, ದೇವರ ಖೋಲಿಯ ಕತ್ತಲೆ ಇರುತ್ತದೆ, ಜೋಳದ ಚೀಲದ ಮೇಲೆ ಕುಳಿತು ತಿಂದ ರೊಟ್ಟಿ ಚಟ್ನಿ ಇರುತ್ತದೆ. ನನ್ನ ಕಣ್ಣಲ್ಲಿ ನೀರು ಬಂತು. ಪೆಟ್ರೋಲಿನ ಘಾಟು ಅಂತ ಸೊಸೆಗೆ ಹೇಳಿದೆ. ನಿಜ ಹೇಳಬೇಕೆಂದರೆ ಅರ್ಧ ನೀರು ಸಿಟ್ಟಿನದು. ಬುಶ್ಶಿನೊಳಗೆ ಜೋನಿಬೆಲ್ಲದ ಹಾಗೆ ಅಂಟಿಕೊಂಡು ಕೂತಿದ್ದ ಆ ಕಂದು ಗೋಂದು ಮಳೆಗಾಲ ಪೂರ್ತಿ ನನ್ನ ಜೀವ ತಿಂದಿತ್ತು. ಅದು ಯಾರ ಕೈಯಿಂದ ಅಲ್ಲಿಗೆ ಬಂದದ್ದೆಂದು ಆ ವಾಸನೆ ಬಂದಕೂಡಲೇ ನನಗೆ ತಿಳಿಯಿತು. ಸತ್ತು ಸ್ವರ್ಗ ಸೇರಿದ ಅಜ್ಜಿಯೊಡನೆ ಜಗಳ ತೆಗೆಯುವುದು ಹೇಗೆ ಹೇಳಿ?

ನಮ್ಮ ಮನೆ ಇದ್ದದ್ದು ಆರಗದಲ್ಲಿ. ಮಿರಜಿನಿಂದ ಬಸ್ಸು ಹಿಡಿದರೆ ಕಂಡಕ್ಟರ್ ಮರಾಠಿಯಲ್ಲಿ ಟಿಕೀಟು ಕೊಡುತ್ತಿದ್ದ, ಇಳಿದ ಮೇಲೆ ಅರ್ಧ ಊರು ಕನ್ನಡದಲ್ಲಿ ಮಾತನಾಡಿಸುತ್ತಿತ್ತು. ನಾವು ಜೈನರು. ಎಷ್ಟೋ ತಲೆಮಾರಿನ ಹಿಂದೆ ಆ ಕನ್ನಡದ ಕಡೆಯಿಂದ ಈ ಕಡೆ ಬಂದವರಂತೆ. ಗಡಿ ಎಂಬ ಗೆರೆ ಆಮೇಲೆ ಬಂತು. ಹೊಲದಲ್ಲಿ ಜೋಳ, ಜೋಳದ ನಡುವೆ ಸಾಲು ಬಿಟ್ಟು ಕುಸುಬಿ, ಬಾವಿಯ ಮಗ್ಗುಲಿಗೆ ಎಲೆಬಳ್ಳಿಯ ತೋಟ. ಎಲೆ ಕೊಯ್ದು ತಂದು ಪಡಸಾಲೆಯಲ್ಲಿ ಒದ್ದೆ ಗೋಣಿಯ ಮೇಲೆ ಸುರುವುತ್ತಿದ್ದರು. ದೊಡ್ಡದು ಸಣ್ಣದು ಬೇರೆ ಮಾಡಿ, ತೊಟ್ಟಿಗೆ ತೊಟ್ಟು ಕೂಡಿಸಿ, ಬುಟ್ಟಿಯಲ್ಲಿ ಬಾಳೆ ಎಲೆ ಹಾಸಿ ಜೋಡಿಸಬೇಕು. ಸಂಜೆಯ ಹೊತ್ತಿಗೆ ಬುಟ್ಟಿಗಳು ಮಿರಜ ಸ್ಟೇಶನ್ನಿಗೆ, ಅಲ್ಲಿಂದ ಮುಂಬೈಗೆ. ಮುಂಬೈಯವರು ಜಗಿದು ಉಗುಳುವ ಎಲೆಗೆ ನಮ್ಮ ಮನೆಯ ಹೆಂಗಸರು ಮಧ್ಯಾಹ್ನವೆಲ್ಲ ನಡ ನೋಯಿಸಿಕೊಳ್ಳುತ್ತಿದ್ದರು.

ಆ ಹೆಂಗಸರಲ್ಲಿ ಎಲ್ಲರಿಗಿಂತ ಚುರುಕು ಕೈ ಚಂಪಾ ಆತ್ಯಾಳದು. ಆತ್ಯಾ ಎಂದರೆ ನನ್ನ ಅಪ್ಪನ ತಂಗಿ. ಮದುವೆಯಾಗಿ ಹೋದ ಮೇಲೆ ಊರ ಹಬ್ಬಕ್ಕೆ ಬಂದವಳ ಹಾಗೆ ಬೇಗ ತಿರುಗಿ ಬಂದಳಂತೆ, ಗಂಡ ತೀರಿಕೊಂಡಿದ್ದ. ಅವನ ಮುಖ ಸರಿಯಾಗಿ ನೆನಪಿಲ್ಲ ಅನ್ನುತ್ತಿದ್ದಳು, ಅವನು ಮಾತಾಡಿದ್ದೇ ಕಡಿಮೆ. ತಂದ ಟ್ರಂಕು ಎಂದೂ ಪೂರ್ತಿ ಬಿಚ್ಚಲಿಲ್ಲ, ಪೂರ್ತಿ ಕಟ್ಟಲೂ ಇಲ್ಲ. ನನಗೆ ಹೊಲಿಗೆ ಕಲಿಸಿದವಳು, ತಲೆ ಹಿಕ್ಕಿದವಳು, ಸುಳ್ಳು ಹೇಳಿದರೆ ಕಿವಿ ಹಿಂಡಿದವಳು ಅವಳೇ. ನನ್ನ ಅವ್ವನಿಗೆ ಕೈತುಂಬ ಕೆಲಸ, ಸಣ್ಣ ಕೂಸು; ಆದ್ದರಿಂದ ನಾನು ಹೆಚ್ಚು ಕಡಿಮೆ ಆತ್ಯಾಳ ಮಗಳಾಗಿ ಬೆಳೆದೆ.

ಬಾಜಾ ತಂದವನು ಬಾಬು ಕಾಕಾ, ಅಪ್ಪನ ತಮ್ಮ. ನಮ್ಮಲ್ಲಿ ರೆಕಾರ್ಡ್ ಪ್ಲೇಯರಿಗೆ ಬಾಜಾ ಅನ್ನುತ್ತಿದ್ದರು, ಮೇಲೆ ಇಡುವ ರೆಕಾರ್ಡಿಗೆ ತಬಕಡಿ. ಮಿರಜಿನಲ್ಲಿ ಯಾರೋ ದೊಡ್ಡ ಮನೆಯವರು ಹಳೆಯದನ್ನು ತೆಗೆದು ಹೊಸದು ಕೊಳ್ಳುವಾಗ ಕಾಕಾ ಇದನ್ನು ಹೊತ್ತು ತಂದ. ಮರದ ಪೆಟ್ಟಿಗೆ, ಮೇಲೆ ಮುಚ್ಚಳ, ಒಳಗೆ ತಿರುಗುವ ತಟ್ಟೆ. ಎಲೆಯ ಕೆಲಸಕ್ಕೆ ಬೇಸರ ಕಳೆಯಲಿ ಅಂತ ಅವನ ನೆವ. ಅವನಿಗೇ ಹುಚ್ಚಿತ್ತು ಎನ್ನುವುದು ಎಲ್ಲರಿಗೂ ಗೊತ್ತು. ದೇವರ ಖೋಲಿಯ ಪಕ್ಕದ ಗೂಡಿನಲ್ಲಿ ಅದಕ್ಕೆ ಜಾಗವಾಯಿತು, ಯಾಕೆಂದರೆ ಕರೆಂಟಿನ ಪಿನ್ನು ಚುಚ್ಚಲು ಬರುತ್ತಿದ್ದದ್ದು ಅಲ್ಲೊಂದೇ ಕಡೆ. ಆ ಜಾಗವೇ ಅದರ ಹಣೆಬರಹ ಬರೆಯಿತು ಅಂತ ಈಗ ಅನಿಸುತ್ತದೆ.

ಸ್ವಲ್ಪ ದಿನಕ್ಕೆ ಬಾಜಾ ಕಿರ್ ಕಿರ್ ಅನ್ನತೊಡಗಿತು. ಎಣ್ಣೆ ಬೇಡುತ್ತಿದೆ ಅಂತ ಕಾಕಾ ಸೈಕಲ್ ಅಂಗಡಿಯಿಂದ ಒಂದು ಡಬ್ಬಿಯಲ್ಲಿ ಗ್ರೀಸು ತಂದ. ಮುಚ್ಚಳ ತೆಗೆದು ಬೆರಳು ಅದ್ದಬೇಕು, ಅಷ್ಟರಲ್ಲಿ ನಮ್ಮ ಆಯಿ ಬಂದಳು. ಆಯಿ ಎಂದರೆ ಅಜ್ಜಿ, ಅಪ್ಪನ ತಾಯಿ. ಸೋಸದ ನೀರು ಮುಟ್ಟದವಳು, ಹೊತ್ತು ಮುಳುಗಿದ ಮೇಲೆ ಹನಿ ಹಾಲೂ ಕುಡಿಯದವಳು, ಉಳ್ಳಾಗಡ್ಡಿ ಬಟಾಟೆ ಮನೆಯ ಹೊಸ್ತಿಲು ದಾಟಗೊಡದವಳು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದಳು.

"ಇದ ಚರಬಿ ಅಲ್ಲೇನೋ? ಯಾ ಪ್ರಾಣಿದು?"

"ಆಯಿ, ಪ್ರಾಣಿದು ಅಲ್ಲ, ಮಶೀನಿಂದು. ಬಾವಿ ಮ್ಯಾಲಿನ ಇಂಜಿನ್ನಿಗೆ ಇದನ್ನ ಹಚ್ಚತೇವಲ್ಲ."

"ಇಂಜಿನ್ ಬಾವಿ ಮ್ಯಾಲ ಐತಿ. ಇದು ದೇವರ ಮಗ್ಗಲಕ ಕುಂತು ಭಜನಿ ಹೇಳತೇತಿ. ಅದರ ಗಂಟಲಾಗ ಚರಬಿ ಹಾಕತೀ? ನಮ್ಮ ಕುಸುಬಿ ಎಣ್ಣಿಗೆ ಏನ ಧಾಡಿ ಬಂದೇತಿ?"

ಗ್ರೀಸಿನ ಡಬ್ಬಿ ತಿಪ್ಪೆಗೆ ಹೋಯಿತು. ದೇವರ ದೀಪಕ್ಕೆ ಬಳಸುವ ಗಾಣದ ಎಣ್ಣೆಯ ಗಿಂಡಿ ಬಂತು. ಆಯಿ ತಾನೇ ನಿಂತು ಹಂಚಿಕಡ್ಡಿಯ ತುದಿಯಿಂದ ಎರಡು ಹನಿ ಬಿಡಿಸಿದಳು. ಕಿರ್ ಕಿರ್ ನಿಂತೇಬಿಟ್ಟಿತು! ಅಲ್ಲಿಗೆ ಆಯಿ ಗೆದ್ದಳು, ಕಾಕಾ ಬಾಯಿ ಮುಚ್ಚಿದ. ಅಂದಿನಿಂದ ಹುಣ್ಣಿವೆ ಬಂದರೆ ದೇವರ ದೀಪಕ್ಕೊಂದು ಧಾರೆ, ಬಾಜಾಕ್ಕೆ ಎರಡು ಹನಿ ಅಂತ ನಮ್ಮ ಮನೆಯ ಪದ್ಧತಿಯಾಯಿತು. ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕು ಅನಿಸುತ್ತದೆ. ಯಾಕೆಂದರೆ ದೀಪಾವಳಿಗೆ ನಮ್ಮ ತಲೆಬಾಗಿಲಿಗೆ, ಕಂಬಗಳಿಗೆ ಅದೇ ಕುಸುಬಿ ಎಣ್ಣೆ ತಿಕ್ಕುತ್ತಿದ್ದರು. ನಾಲ್ಕು ದಿನದಲ್ಲಿ ಅದು ಒಣಗಿ ಗಾಜಿನ ಹಾಗೆ ಗಟ್ಟಿಯಾಗಿ ಮಿರಮಿರ ಮಿಂಚುತ್ತಿತ್ತು. ಬಾಗಿಲ ಮೇಲೆ ಒಣಗಿ ಕೂಡುವ ಎಣ್ಣೆ ಮೋಟಾರಿನಲ್ಲೂ ಒಣಗಿ ಕೂಡುತ್ತದೆ ಅಂತ ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಬಾರದೇ? ಕಣ್ಣೆದುರು ಬಾಗಿಲಿತ್ತು, ಅದರಲ್ಲಿ ಮುಖ ಕಾಣುತ್ತಿತ್ತು.

ಹೊಳೆಯದೇ ಇದ್ದದ್ದಕ್ಕೂ ಕಾರಣವಿತ್ತು. ಬಾಜಾ ಒಂದೇ ದಿನ ನಿಧಾನವಾಗಲಿಲ್ಲ. ಮಕ್ಕಳು ಬೆಳೆದದ್ದು ಮನೆಯವರಿಗೆ ಕಾಣುವುದಿಲ್ಲವಲ್ಲ, ಹಾಗೆ ಅದು ದಿನಕ್ಕೆ ಕೂದಲೆಳೆಯಷ್ಟು ನಿಧಾನವಾಗುತ್ತ ಹೋಯಿತು, ನಮ್ಮ ಕಿವಿಯೂ ಅದರ ಜೊತೆ ನಿಧಾನವಾಯಿತು. ಚಳಿಗಾಲದಲ್ಲಿ ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಬೆಳಿಗ್ಗೆ ಹಚ್ಚಿದರೆ ಹಾಡು ಕೊಕ್ಕೆ ಹಾಕಿ ಎಳೆದಂತೆ ಎಳೆಯುತ್ತಿತ್ತು. ಚಳಿಗೆ ಕರೆಂಟು ಹೆಪ್ಪುಗಟ್ಟುತ್ತದೆ ಎಂದು ಕಾಕಾ ಗಂಭೀರವಾಗಿ ಹೇಳುತ್ತಿದ್ದ, ನಾವು ನಂಬಿದ್ದೆವು. ಅದಕ್ಕೆ ಉಪಾಯ ಕಂಡುಹಿಡಿದವಳು ಚಂಪಾ ಆತ್ಯಾ. ಮುಂಜಾನೆ ಪೆಟ್ಟಿಗೆಯನ್ನು ಎತ್ತಿ ಅಂಗಳದಲ್ಲಿ ಹಪ್ಪಳ ಸಂಡಿಗೆಯ ಮಗ್ಗುಲಿಗೆ ಬಿಸಿಲಿಗೆ ಇಡುತ್ತಿದ್ದಳು. ಮಧ್ಯಾಹ್ನದ ಊಟವಾಗಿ ಎಲೆಗೆ ಕೂಡುವ ಹೊತ್ತಿಗೆ ಪೆಟ್ಟಿಗೆ ಬೆಚ್ಚಗಾಗಿ, ಹಾಡು ಸರಾಗವಾಗುತ್ತಿತ್ತು. ಬಾಜಾಕ್ಕೆ ಬಿಸಿಲು ತೋರಿಸುವುದು ನಮ್ಮ ಮನೆಯಲ್ಲಿ ದನಕ್ಕೆ ನೀರು ತೋರಿಸುವಷ್ಟು ಸಹಜವಾದ ಕೆಲಸ. ಬೇರೆಯವರ ಮನೆಯ ಬಾಜಾ ಬಿಸಿಲು ಕಾಯಿಸಿಕೊಳ್ಳದೇ ಹಾಡುತ್ತದೆ ಅಂತ ನನಗೆ ತಿಳಿದದ್ದೇ ದೊಡ್ಡವಳಾದ ಮೇಲೆ.

ಬಾಜಾ ಇಷ್ಟು ನಿಧಾನವಾದ ಮೇಲೆ ಒಂದು ತಬಕಡಿ ಬಂತು. ಸಾಂಗಲಿಯ ಸಂತೆಯಲ್ಲಿ ಕಾಕಾ ರಾಶಿಯಿಂದ ಆರಿಸಿ ತಂದದ್ದು. ಮೇಲಿನ ಚೀಲ ಇರಲಿಲ್ಲ, ನಡುವಿನ ಕಾಗದವನ್ನು ಹುಳ ತಿಂದಿತ್ತು. ಯಾರು ಹಾಡಿದ್ದು, ಯಾವ ಊರಿನವರು, ಏನೂ ತಿಳಿಯದು. ಕನ್ನಡದ ಹಾಡು ಎಂಬುದಷ್ಟೇ ಗಟ್ಟಿ. ಹೊಳೆಯ ದಂಡೆಯಲ್ಲಿ ನಿಂತವರೊಬ್ಬರು ನಾವೆಯವನನ್ನು ಕೂಗುವ ಹಾಡು. ಹೊತ್ತು ಮುಳುಗುತ್ತಿದೆ, ನೀರು ಏರುತ್ತಿದೆ, ನಾವೆಯವ ತಿರುಗಿ ನೋಡುತ್ತಿಲ್ಲ. ಗಂಭೀರವಾದ, ಸ್ವಲ್ಪ ದಣಿದ, ಅವಸರವೇ ಗೊತ್ತಿಲ್ಲದ ಗಂಡು ದನಿ. ಬಾವಿಯೊಳಗಿಂದ ಕೊಡ ಮೇಲೇರಿ ಬಂದಂತೆ ಪ್ರತಿ ಸಾಲೂ ಮೆಲ್ಲಗೆ ತುಂಬಿಕೊಂಡು ಬರುತ್ತಿತ್ತು. ಮೊದಲ ಸಲ ಅದನ್ನು ಹಚ್ಚಿದಾಗ ಎಲೆ ಜೋಡಿಸುತ್ತಿದ್ದ ಆತ್ಯಾ ಕೈ ನಿಲ್ಲಿಸಿದಳು. ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹಿರಿಯ ಗಂಡಸರು ಪಡಸಾಲೆಗೆ ಬಂದಾಗ ಎಳೆದುಕೊಳ್ಳುವ ಹಾಗೆ. ಬಾಬು ಕಾಕಾ ನಕ್ಕ. ಅವಳು ನಗಲಿಲ್ಲ.

ಅವತ್ತಿನಿಂದ ಆ ಹಾಡಿಗೆ ಹೆಸರೇ ಬೇಕಾಗಲಿಲ್ಲ. "ಅವರನ್ನ ಹಚ್ಚು" ಅಂದರೆ ಸಾಕು. ಬೇರೆ ತಬಕಡಿಗಳನ್ನು ಹಿಂದೆ ಮುಂದೆ ಹೇಗೆ ಬೇಕಾದರೂ ಹಚ್ಚಬಹುದಿತ್ತು, ಅವರನ್ನು ಮಾತ್ರ ಬಾಜಾ ಚೆನ್ನಾಗಿ ಬಿಸಿಯಾದ ಮೇಲೆ, ಬುಟ್ಟಿ ಕಟ್ಟುವ ಮುಂಚೆ. ಹಾಡು ಶುರುವಾಗುವ ಮೊದಲೇ ಆತ್ಯಾಳ ಸೆರಗು ತಲೆಗೆ ಏರುತ್ತಿತ್ತು. ಅವಳ ಕೈ ಎಲೆಯ ಮೇಲೆ ಎಲೆ ಇಡುವುದು ಆ ಹಾಡಿನ ಲಯಕ್ಕೇ. ಎಳೆದು ಬಿಡುವ ಕಡೆ ಒಂದು ಎಲೆ, ಉಸಿರು ತೆಗೆದುಕೊಳ್ಳುವ ಕಡೆ ಇನ್ನೊಂದು. ನಾನು ಪಕ್ಕದಲ್ಲಿ ಕುಳಿತು ಅವರು ಹೇಗಿರಬಹುದು ಅಂತ ಕೇಳುತ್ತಿದ್ದೆ. ಅವಳ ಹತ್ತಿರ ಉತ್ತರ ಸಿದ್ಧವಿತ್ತು. ಎತ್ತರದ ಆಳು, ಬಿಳಿ ಧೋತರ, ಸಿಟ್ಟು ಬಂದರೂ ದನಿ ಏರಿಸದವರು, ಊಟಕ್ಕೆ ಕೂತರೆ ಬೇಡಿ ಬಡಿಸಿಕೊಳ್ಳದವರು. ಚಳಿಗಾಲದಲ್ಲಿ ದನಿ ಇನ್ನೂ ಕೆಳಗಿಳಿದರೆ "ಅವರಿಗೆ ನೆಗಡಿ ಆಗೇದ, ಬಿಸಲಿಗೆ ಇಡು" ಅನ್ನುತ್ತಿದ್ದಳು. ಮನೆಯವರೆಲ್ಲ ಚೇಷ್ಟೆ ಮಾಡುತ್ತಿದ್ದರು. ಆಯಿ ಒಬ್ಬಳು ಮಾಡಲಿಲ್ಲ. ಗಂಡ ಸತ್ತ ಮಗಳ ತಲೆಗೆ ಹೂವು ಮುಡಿಸದ, ಕೈಗೆ ಹಸಿರು ಬಳೆ ಏರಿಸದ ಆ ಹಟಮಾರಿ ಮುದುಕಿ, ಹುಣ್ಣಿವೆ ಬಂದರೆ ಮಾತ್ರ ಮರೆಯದೇ ಗಿಂಡಿ ತಂದು ಕೊಟ್ಟು, "ಚಂಪಾ, ಅವರ ಗಂಟಲ ಒಣಗೇತೇನು ನೋಡು, ಎರಡ ಹನಿ ಬಿಡು" ಅನ್ನುತ್ತಿದ್ದಳು. ಅಷ್ಟು ಬಿಟ್ಟರೆ ಮಗಳ ಸುಖ ದುಃಖದ ಬಗ್ಗೆ ಅವಳ ಬಾಯಿಂದ ಬೇರೆ ಮಾತು ನಾನು ಕೇಳಲಿಲ್ಲ.

ಆ ಮನೆ ಈಗಿಲ್ಲ. ಆಯಿ ಹೋದ ಮೇಲೆ ಅಣ್ಣತಮ್ಮಂದಿರು ಬೇರೆಯಾದರು, ಮನೆಯ ನಡುವೆ ಗೋಡೆ ಎದ್ದಿತು. ಆಮೇಲೆ ರಸ್ತೆ ಅಗಲವಾಗಿ ಗೋಡೆಯೂ ಹೋಯಿತು, ಮನೆಯೂ ಹೋಯಿತು. ಮುಖ ಕಾಣುತ್ತಿದ್ದ ತಲೆಬಾಗಿಲನ್ನು ಯಾರೋ ಹಳೆಯ ಸಾಮಾನಿನವರು ಒಯ್ದರು. ನಮ್ಮ ಪಡಸಾಲೆ ಇದ್ದ ಜಾಗದಲ್ಲಿ ಈಗ ಟ್ರ್ಯಾಕ್ಟರಿನ ಟಾಯರು ರಿಪೇರಿ ಮಾಡುತ್ತಾರೆ. ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿದೆ, ಇಳಿಯುವ ಮನಸ್ಸಾಗಲಿಲ್ಲ. ನಿಮ್ಮ ಮನೆಯೂ ಎಲ್ಲೋ ಹೀಗೇ ಟಾಯರಿನ ಅಡಿಗೆ ಸೇರಿದ್ದರೆ, ನಾನು ಹೇಳುವುದು ನಿಮಗೆ ಗೊತ್ತಾಗುತ್ತದೆ. ಬಾಜಾ ಬಾಬು ಕಾಕಾನ ಪಾಲಿಗೆ ಹೋಗಿ, ಅವನ ಮಗನೊಡನೆ ಸಾಂಗಲಿಗೆ ಹೋಯಿತು. ಅವರ ಕೆಳಗಿನ ಮನೆಯೊಳಗೆ ಮಹಾಪೂರ ಬಂದಾಗೆಲ್ಲ ಕೃಷ್ಣೆ ನುಗ್ಗಿ ಹಾಸಿಗೆ ಕಪಾಟು ಎಲ್ಲ ಹಾಳು ಮಾಡಿದಳು. ಅಟ್ಟದ ಮೇಲೆ ಎಸೆದಿದ್ದ ಬೇಡಾದ ಸಾಮಾನು ಮಾತ್ರ ಒಣಗಿ ಉಳಿಯಿತು. ಚಂಪಾ ಆತ್ಯಾ ನನ್ನ ಪಾಲಿಗೆ ಬಂದಳು. ನಾನು ಮಿರಜಿನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ, ಮಗ ಸೊಸೆ ಜೊತೆಗಿದ್ದಾರೆ.

ಈ ಮಳೆಗಾಲದ ಮೊದಲಲ್ಲಿ ಆತ್ಯಾಳ ಕಿವಿ ತೋರಿಸಲು ಕರೆದೊಯ್ದೆ. ಬಲಗಿವಿ ಹೋಗಿದೆ, ಎಡಗಿವಿ ಹೋಗುತ್ತಿದೆ, ಮಶೀನು ಹಾಕಿಕೊಂಡರೂ ಹೆಚ್ಚು ದಿನ ಪ್ರಯೋಜನವಿಲ್ಲ ಅಂತ ಡಾಕ್ಟರು ಮರಾಠಿಯಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಅವಳ ಎಡಗಿವಿಗೆ ಹೇಳಿದೆ. ರಿಕ್ಷಾದಲ್ಲಿ ಕೂತ ಮೇಲೆ ನನ್ನ ಕೈ ಹಿಡಿದಳು. "ವಿಮಲಾ, ಪೂರಾ ಬಂದ್ ಆಗೂದರಾಗ ಒಮ್ಮೆ ಅವರನ್ನ ಕೇಳಸತೀ ಏನವಾ?" ಅಂದಳು. ಎಂಬತ್ತು ದಾಟಿದ ಮುಖದಲ್ಲಿ ನಾಚಿಕೆ ಬಂದದ್ದು ನೋಡಿದೆ. ಇಷ್ಟು ವರ್ಷ ನನ್ನ ಮನೆಯಲ್ಲಿದ್ದು ಒಂದು ಸೀರೆ ಕೂಡ ಕೇಳದವಳು ಕೇಳಿದ್ದು ಇದೊಂದೇ.

ಸಾಂಗಲಿಯ ಅಟ್ಟದಿಂದ ಬಾಜಾ ಇಳಿಸಿ ತಂದೆ. ತಬಕಡಿಯೂ ಸಿಕ್ಕಿತು, ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದರು. ಕರೆಂಟು ಹಚ್ಚಿದರೆ ಮೋಟಾರು ಹೂಂ ಅಂತ ಮುಲುಕಿತೇ ಹೊರತು ತಟ್ಟೆ ಅಲುಗಲಿಲ್ಲ. ಅಲ್ಲಿಂದ ಶುರುವಾಯಿತು ನೋಡಿ ನನ್ನ ತಿರುಗಾಟ. ಸಾಂಗಲಿಯಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ರೇಡಿಯೋ ರಿಪೇರಿಯವನು ಮುಚ್ಚಳ ಕೂಡ ಎತ್ತದೇ, ಗುಜರಿಗೆ ಹಾಕಿರಿ ಅಂದ. ಮಿಕ್ಸರ್ ರಿಪೇರಿಯವನು ತುಕ್ಕು ಬಿಡಿಸುವ ಸ್ಪ್ರೇ ಹೊಡೆದ. ತಟ್ಟೆ ಗಿರ್ರನೆ ತಿರುಗಿತು, ಅವನು ಮೀಸೆ ತಿರುವಿದ, ಮರುದಿನ ಬೆಳಿಗ್ಗೆ ಮತ್ತೆ ಕಲ್ಲು. ಇನ್ನೊಬ್ಬ ಮಳೆ ನಿಲ್ಲಲಿ ಅಂತ ಪೆಟ್ಟಿಗೆ ಇಟ್ಟುಕೊಂಡು ಮಳೆ ನಿಂತ ಮೇಲೆ ಗಣಪತಿ ಹಬ್ಬ ಮುಗಿಯಲಿ ಅಂದ. ಮತ್ತೊಬ್ಬ ಮೋಟಾರು ಕಿತ್ತು ಬೇರೆ ಸಣ್ಣ ಮೋಟಾರು ಕೂಡಿಸುತ್ತೇನೆ ಅಂದದ್ದಕ್ಕೆ ಅವನ ಕೈಯಿಂದ ಕಸಿದುಕೊಂಡು ಬಂದೆ. ತಂತಿ ವಾದ್ಯ ಮಾಡುವುದರಲ್ಲಿ ನಮ್ಮ ಮಿರಜಿಗೆ ದೊಡ್ಡ ಹೆಸರು. ಆ ಓಣಿಗೂ ಹೋದೆ. ನಾವು ಸಿತಾರಿನ ಕುಂಬಳದ ಬುರುಡೆಯವರು ತಾಯಿ, ಮೋಟಾರಿನವರಲ್ಲ ಅಂತ ನಕ್ಕು ಚಹಾ ಕುಡಿಸಿ ಕಳಿಸಿದರು. ಮಗ ಮೊಬೈಲು ಹಿಡಿದು, ಹಾಡಿನ ಹೆಸರು ಹೇಳು ಅವ್ವಾ, ಈಗ ಹುಡುಕಿ ಕೊಡುತ್ತೇನೆ ಅಂದ. ಹೆಸರೇ ಇಲ್ಲದ ಹಾಡನ್ನು ಏನಂತ ಹುಡುಕಿಸಲಿ? ಈ ನಡುವೆ ಆತ್ಯಾಗೆ ಕುಕ್ಕರಿನ ಸೀಟಿ ಕೇಳದಾಯಿತು, ಬಾಗಿಲ ಘಂಟೆ ಕೇಳದಾಯಿತು. ಬೆಳಿಗ್ಗೆ ಎದ್ದು "ಆತೇನು?" ಅನ್ನುವಳು. ಇನ್ನೂ ಇಲ್ಲ ಆತ್ಯಾ ಅಂತ ಕೂಗಿ ಹೇಳಿ ಹೇಳಿ ನನ್ನ ಗಂಟಲಿಗೇ ಎಣ್ಣೆ ಬೇಕಾಗಿತ್ತು.

ಕೊನೆಗೆ ನಾನೇ ಬಿಚ್ಚಿದೆ. ಇಷ್ಟು ವರ್ಷ ಹೊಲಿಗೆ ಮಶೀನು ಬಿಚ್ಚಿ ಜೋಡಿಸಿದವಳಿಗೆ ಸ್ಕ್ರೂ ಡ್ರೈವರಿನ ಭಯವೇನಿಲ್ಲ. ಮಗ ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿ ಕೊಟ್ಟ. ಯಾವುದೋ ದೇಶದ ಮುದುಕ ತನ್ನ ಭಾಷೆಯಲ್ಲಿ ಗೊಣಗುತ್ತ ಇಂಥದ್ದೇ ಮೋಟಾರು ಬಿಚ್ಚುತ್ತಿದ್ದ. ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಮೋಟಾರಿನ ನಡುವಿನ ಕಂಬಿ ಮೇಲೊಂದು ಕೆಳಗೊಂದು ಬುಶ್ಶಿನಲ್ಲಿ ತಿರುಗುತ್ತದೆ. ಬುಶ್ಶೆಂದರೆ ಬಟನ್ನಿನಷ್ಟು ದಪ್ಪದ ಹಿತ್ತಾಳೆ ಬಣ್ಣದ ಬಳೆ, ಸುತ್ತ ಉಣ್ಣೆಯ ಬಿಲ್ಲೆ. ಅದು ಗಟ್ಟಿ ಲೋಹವಲ್ಲ, ಪುಡಿ ಒತ್ತಿ ಮಾಡಿದ್ದು, ಕಣ್ಣಿಗೆ ಕಾಣದ ತೂತುಗಳಿರುತ್ತವೆ. ಒಳಗೆ ಎಣ್ಣೆ ಹಿಡಿದಿಟ್ಟುಕೊಂಡು ತಿರುಗುವಾಗ ಬೇಕಾದಷ್ಟೇ ಬೆವರುತ್ತದೆ. ನಮ್ಮ ಬುಶ್ಶು ಬೆವರುವುದು ಎಲ್ಲಿಂದ? ತೂತು ತೂತಿನಲ್ಲೂ ಆಯಿಯ ಹುಣ್ಣಿವೆಗಳು ಹೆಪ್ಪುಗಟ್ಟಿದ್ದವು. ಬೀದಿಯ ಮೇಲಿನ ಗ್ಯಾಲರಿಯಲ್ಲಿ ಕುಳಿತು ಪೆಟ್ರೋಲಿನಲ್ಲಿ ನೆನೆಸಿದೆ, ಹತ್ತಿಯಿಂದ ಒರೆಸಿದೆ, ಬೆಂಕಿಕಡ್ಡಿಗೆ ಚಿಂದಿ ಸುತ್ತಿ ತಿರುವಿದೆ. ಆಗಲೇ ಆ ವಾಸನೆ ಎದ್ದದ್ದು, ನಾನು ಮೊದಲು ಹೇಳಿದ್ದು. ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿದೆ. ನನ್ನ ಹಟ ಆಯಿಯದೇ ಹಟ. ಚಿಂದಿಗಳನ್ನೆಲ್ಲ ಬೆಳಿಗ್ಗೆ ಘಂಟಾಗಾಡಿ ಬಂದಾಗ ಕಸದ ಜೊತೆ ಕೊಟ್ಟೆ, ಪೀಡೆ ತೊಲಗಿತು ಅಂದುಕೊಂಡೆ.

ಆಮೇಲೆ ಹೊಲಿಗೆ ಮಶೀನಿನ ತೆಳು ಎಣ್ಣೆಯನ್ನು ಬಟ್ಟಲಲ್ಲಿ ಹಾಕಿ, ಬಟ್ಟಲನ್ನು ಬಿಸಿ ನೀರಿನಲ್ಲಿ ಇಟ್ಟು ಬುಶ್ಶು ಮುಳುಗಿಸಿದೆ. ಸಣ್ಣ ಸಣ್ಣ ಗುಳ್ಳೆ ಬಿಡುತ್ತ ಅದು ಎಣ್ಣೆ ಕುಡಿಯಿತು, ಬಾಯಾರಿದ ಕೂಸಿನ ಹಾಗೆ. ಜೋಡಿಸುವಾಗ ಇರಲಿ ಅಂತ ಮೇಲೆ ಇನ್ನಷ್ಟು ಸುರಿದದ್ದೇ ತಪ್ಪಾಯಿತು. ಎಣ್ಣೆ ಹರಿದು ತಟ್ಟೆ ತಿರುಗಿಸುವ ರಬ್ಬರ್ ಚಕ್ರಕ್ಕೆ ತಾಗಿ, ಚಕ್ರ ಜಾರತೊಡಗಿತು, ಮೋಟಾರು ಓಡಿದರೂ ತಟ್ಟೆ ನಿಂತಲ್ಲೇ. ಸ್ಕ್ರೂ ಡ್ರೈವರು ಎತ್ತಿ ಗೋಡೆಗೆ ಒಗೆದೆ. ಸೊಸೆ ಚಹಾ ತಂದಿಟ್ಟಳು. ಮತ್ತೆ ಬಿಚ್ಚಿ, ರಬ್ಬರನ್ನು ಸ್ಪಿರಿಟ್ಟಿನಿಂದ ಒರೆಸಿ, ಉಣ್ಣೆಯ ಬಿಲ್ಲೆಗೆ ಮಾತ್ರ ಎಣ್ಣೆ ತೋರಿಸಿ ಕೂಡಿಸಿದೆ. ಈ ಸಲ ಬೆರಳಿಂದ ತಿರುವಿದರೆ ಮೋಟಾರಿನ ಕಂಬಿ ತನ್ನಷ್ಟಕ್ಕೆ ತಿರುಗುತ್ತಲೇ ಇತ್ತು, ಒಂದು ಸಪ್ಪಳವಿಲ್ಲ. ತಟ್ಟೆಯ ಅಂಚಿಗೆ ಸೀಮೆಸುಣ್ಣದ ಗುರುತು ಹಾಕಿ ಗಡಿಯಾರ ಹಿಡಿದು ನೋಡಿದೆ. ಎಷ್ಟು ಸುತ್ತು ಬರಬೇಕೋ ಅಷ್ಟೇ ಬರುತ್ತಿತ್ತು. ಹುಟ್ಟಿದ ದಿನ ಹೇಗಿತ್ತೋ ಹಾಗಾಗಿತ್ತು ಬಾಜಾ.

ಮಧ್ಯಾಹ್ನದ ಊಟವಾಗಿತ್ತು. ಆತ್ಯಾ ಹಲ್ಲು ತೊಳೆದು, ಸೀರೆ ಬದಲಿಸಿ, ಕಿವಿಯ ಮಶೀನು ಹಾಕಿಸಿಕೊಂಡು ಮಂಚದ ಮೇಲೆ ನೆಟ್ಟಗೆ ಕುಳಿತಳು. ಕುರ್ಚಿಯ ಮೇಲೆ ಬಾಜಾ ಇಟ್ಟು ಅವಳ ಎಡಗಿವಿಯ ಹತ್ತಿರ ಎಳೆದೆ. ಸೂಜಿ ಇಳಿಸುವ ಮುಂಚೆಯೇ ಅವಳ ಸೆರಗು ತಲೆಗೆ ಏರಿತು.

ಹಾಡು ಬಂತು. ಹೊಳೆ ಅದೇ, ನಾವೆ ಅದೇ, ಮಾತು ಅದೇ. ಆದರೆ ಕೂಗುತ್ತಿದ್ದವರು ಅವರಲ್ಲ. ಒಬ್ಬ ಹೆಣ್ಣುಮಗಳು, ಸ್ವಲ್ಪ ಎಳೆಯ ದನಿ, ಚುರುಕಾಗಿ, ನಾವೆ ತಪ್ಪಿದರೆ ಇನ್ನೊಂದು ಸಿಕ್ಕೀತೆಂಬ ಧೈರ್ಯದಲ್ಲಿ ಹಾಡುತ್ತಿದ್ದಳು. ನನಗೆ ಮೊದಲು ತಬಕಡಿ ಬದಲಾಗಿದೆ ಅನಿಸಿತು. ಆಮೇಲೆ ತಿಳಿಯಿತು. ಎತ್ತರದ ಆಳು, ಬಿಳಿ ಧೋತರ, ಸಿಟ್ಟಿನಲ್ಲೂ ಏರದ ದನಿ, ಎಲ್ಲವೂ ಆಯಿ ಹನಿ ಹನಿಯಾಗಿ ಬಿಟ್ಟ ಎಣ್ಣೆಯಲ್ಲಿ ಹುಟ್ಟಿದ್ದು. ಆ ಗೋಂದಿಗೆ ಸಿಕ್ಕಿ ನಿಧಾನವಾಗಿ, ದನಿ ಕೆಳಗಿಳಿದು, ಒಬ್ಬ ಹುಡುಗಿ ನಮ್ಮ ಪಡಸಾಲೆಯಲ್ಲಿ ಗಂಡಸಾಗಿ ಬಾಳಿದ್ದಳು. ಅವರು ಇದ್ದದ್ದು ಆ ಬುಶ್ಶಿನಲ್ಲಿ ಮಾತ್ರ. ಅವರನ್ನು ನಾನು ಪೆಟ್ರೋಲು ಹಾಕಿ ಒರೆಸಿ ಘಂಟಾಗಾಡಿಗೆ ಕೊಟ್ಟಿದ್ದೆ.

ಆತ್ಯಾ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದಳು. ಮೆಲ್ಲಗೆ ಸೆರಗನ್ನು ತಲೆಯಿಂದ ಹಿಂದಕ್ಕೆ ಸರಿಸಿದಳು.

"ಯಾರವಾ ಈ ಹುಡಿಗಿ? ಚೊಲೊ ಹಾಡತಾಳ."

ನಾನು ತಿರುಗುವ ತಬಕಡಿಯ ಮೇಲೆ ಬಗ್ಗಿ ನೋಡಿದೆ.

"ಇಕಿದು ಆದಮ್ಯಾಗ ಅವರನ್ನ ಹಚ್ಚು," ಅಂದಳು.

"ಆತ್ಯಾ, ಇದು ಅದ ತಬಕಡಿ. ಅದ ಹಾಡು," ಅಂತ ಕಿವಿಯಲ್ಲಿ ಕೂಗಿದೆ.

"ಹಾಡು ಅದ ಇರಬಹುದವಾ. ನನಗ ಕಿವಿ ಕಮ್ಮಿ ಖರೆ, ಗಂಡಸರ ದನಿ ಹೆಂಗಸರ ದನಿ ತಿಳಿಯೂದಿಲ್ಲೇನು?" ಅಂದು ನಕ್ಕಳು. ಆ ನಗು ಸ್ವಲ್ಪದರಲ್ಲೇ ಆರಿತು. "ಸಿಗಲಿಲ್ಲ ಅಂದ್ರ ಸಿಗಲಿಲ್ಲ ಅನ್ನು. ಬ್ಯಾಸರಾ ಮಾಡಕೋಬ್ಯಾಡ. ಎಷ್ಟ ತಿರಗಾಡೀದಿ ನನ್ನ ಸಲುವಾಗಿ."

ಆಗ ಬಂದ ಸಿಟ್ಟು ಯಾರ ಮೇಲೆ ಅಂತ ಇವತ್ತಿಗೂ ಹೇಳಲಾರೆ. ಆಯಿಯ ಮೇಲೆ, ಗ್ರೀಸಿನ ಡಬ್ಬಿಯನ್ನು ತಿಪ್ಪೆಯಿಂದ ಎತ್ತಿಕೊಳ್ಳದ ಕಾಕಾನ ಮೇಲೆ, ಎರಡು ಕಾಸಿಗೆ ಬೇಡಾದ ನನ್ನ ಜಾಣತನದ ಮೇಲೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈ ಮಳೆಗಾಲ ಪೂರ್ತಿ ಕೆಸರಾಗಿ, ಅವಳ ಬಾಯಿಯ ಮೊಸರನ್ನೇ ಚೆಲ್ಲಿ ಬಂದಿತ್ತು. ಬಾಜಾದ ಸ್ಪೀಡು ಬದಲಿಸುವ ಕೀಲಿಯನ್ನು ಕೆಳಗಿನ ಅಂಕಿಗೆ ಎಳೆದೆ, ಎಮ್ಮೆ ಒದರಿದಂತಾಯಿತು. ತಿರುಗಿ ಮೇಲಕ್ಕೆ ಹಾಕಿದೆ, ಹುಡುಗಿ ಬಂದಳು. ಸೂಜಿ ಎತ್ತಿ ಮತ್ತೆ ಮೊದಲಿಗಿಟ್ಟೆ. ಏನು ಮಾಡುತ್ತಿದ್ದೇನೆಂದು ನನಗೇ ಪೂರ್ತಿ ತಿಳಿಯುವ ಮುಂಚೆ ಬಲಗೈಯ ನಡುವಿನ ಬೆರಳನ್ನು ತಿರುಗುವ ತಟ್ಟೆಯ ಅಂಚಿಗೆ ಒತ್ತಿದೆ. ಮೆಲ್ಲಗೆ, ಇನ್ನಷ್ಟು ಮೆಲ್ಲಗೆ. ಹುಡುಗಿಯ ದನಿ ಬಳುಕಿತು, ತಗ್ಗಿತು, ಮೆಟ್ಟಿಲಿಳಿಯುವವರ ಹಾಗೆ ಒಂದೊಂದೇ ಇಳಿದು ಬಂತು. ನಮ್ಮ ಪಡಸಾಲೆಯ ನೆಲ ಮುಟ್ಟಿದಾಗ ನನ್ನ ಬೆರಳಿಗೇ ಗೊತ್ತಾಯಿತು, ಅಲ್ಲೇ ಹಿಡಿದೆ.

ಆತ್ಯಾಳ ಕೈ ಸೆರಗನ್ನು ಹುಡುಕಿತು. ತಲೆಯ ಮೇಲೆ ಎಳೆದುಕೊಂಡಳು. ಇನ್ನೊಂದು ಕೈ ಮಂಚದ ಮೇಲೆ, ಖಾಲಿ ಚಾದರದ ಮೇಲೆ ಎಲೆಯ ಮೇಲೆ ಎಲೆ ಇಡತೊಡಗಿತು. ಹಾಡು ಉದ್ದವಾಗಿತ್ತು, ಹೀಗೆ ಎಳೆದರೆ ಇನ್ನೂ ಉದ್ದ. ತಟ್ಟೆಯ ಅಂಚು ಉಜ್ಜಿ ಉಜ್ಜಿ ಬೆರಳು ಉರಿಯುತ್ತಿತ್ತು. ಎಷ್ಟು ಹಿಡಿದರೂ ನನ್ನ ಬೆರಳಿಗೆ ಆಯಿಯ ಎಣ್ಣೆಯ ಸಮಾಧಾನ ಎಲ್ಲಿಂದ ಬರಬೇಕು, ದನಿ ಅಲ್ಲಲ್ಲಿ ನಡುಗುತ್ತಿತ್ತು, ಕಟ್ಟಿಕೊಳ್ಳುತ್ತಿತ್ತು. ನಾವೆಯವ ತಿರುಗಿ ನೋಡದ ಕಡೆ ಬಂದಾಗ ಆತ್ಯಾ ಕಣ್ಣು ತೆರೆಯದೇ ನನ್ನ ಕಡೆ ಬಾಗಿದಳು.

"ಭಾಳ ನೆಗಡಿ ಆಗೇದ ಅವರಿಗೆ," ಅಂದಳು. "ಬಿಸಲಿಗೆ ಇಟ್ಟಿದ್ದಿಲ್ಲೇನು?"

ಬಿಸಿಲಿಗೆ ಕರಗಬೇಕಾದದ್ದು ಏನೂ ಅದರೊಳಗೆ ಉಳಿದಿರಲಿಲ್ಲ.

"ಮರತೇನಿ ಆತ್ಯಾ, ನಾಳೆ ಇಡತೇನಿ," ಅಂದೆ. ಹಾಡು ಮುಗಿಯುವವರೆಗೆ ಬೆರಳು ತೆಗೆಯಲಿಲ್ಲ.